ನೆಲಕ್ಕೆ ಕೈಯೂರಿ ಏಳುವುದು

ನೆಲದಿಂದ ಏಳುವುದೂ ಒಂದು ಕೆಲಸ ಎಂದು ನಲವತ್ತೊಂದು ವರ್ಷ ನನಗೆ ಗೊತ್ತಿರಲಿಲ್ಲ. ಪುರೋಹಿತನಾದವನು ದಿನಕ್ಕೆ ಎಷ್ಟು ಸಲ ಕೂತು ಏಳುತ್ತಾನೆಂದು ಯಾರೂ ಎಣಿಸುವುದಿಲ್ಲ, ಅವನೂ ಎಣಿಸುವುದಿಲ್ಲ. ಮಣೆಯ ಮೇಲೆ ಕೂರುವುದು, ಮಂತ್ರ ಹೇಳುವುದು, ಬಲ ಅಂಗೈಯನ್ನು ನೆಲಕ್ಕೂರಿ ಏಳುವುದು, ಮಂಗಳಾರತಿ ಎತ್ತುವುದು, ಮತ್ತೆ ಕೂರುವುದು. ಆಮೇಲೆ ಒಂದು ಕಾಲ ಬಂತು. ಪ್ರತಿ ಸಲ ಕೂರುವಾಗಲೂ ಇನ್ನು ಏಳುವುದು ಹೇಗಪ್ಪಾ ಎಂದು ಹೆದರಿಕೊಂಡೇ ಕೂರುತ್ತಿದ್ದೆ. ಆ ಹೆದರಿಕೆಯ ಕಥೆ ಇದು. ನನ್ನ ಹಾಗೆ ಮೊಣಕೈ ಕೆಟ್ಟು, ಹೊರಗೆ ಹೇಳಲಾರದೆ ಒಳಗೊಳಗೇ ಬೇಯುತ್ತಿರುವವರು ಯಾರಾದರೂ ಇದ್ದರೆ ಅವರಿಗಾಗಿ ಬರೆದಿದ್ದೇನೆ. ವೈದ್ಯಶಾಸ್ತ್ರ ನನಗೆ ಗೊತ್ತಿಲ್ಲ. ಹೆದರಿಕೆ ಚೆನ್ನಾಗಿ ಗೊತ್ತು.

ನಾನು ಉಡುಪಿ ಕಡೆಯವನು, ಸಂಸಾರ ಡೊಂಬಿವಲಿ ಪೂರ್ವದಲ್ಲಿ. ಕಲ್ಯಾಣದಿಂದ ಠಾಣೆಯವರೆಗೆ, ಆಚೆ ನವಿ ಮುಂಬಯಿಯವರೆಗೆ ನಮ್ಮೂರವರ ಮನೆಗಳಲ್ಲಿ ಸತ್ಯನಾರಾಯಣ ಪೂಜೆ, ಗೃಹಪ್ರವೇಶ, ನಾಮಕರಣ, ಶ್ರಾದ್ಧ ಎಂದು ಕರೆದಲ್ಲಿಗೆ ಹೋಗುವುದು ನನ್ನ ಕೆಲಸ. ಹೆಂಡತಿ ಜಯಂತಿ ಒಂದು ಶಾಲೆಯ ಆಫೀಸಿನಲ್ಲಿ ಕ್ಲರ್ಕು. ಮಗಳು ಮೇಧಾ ಆಗ ನಾಲ್ಕನೇ ಕ್ಲಾಸು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು, ಈಗಲೂ ಹಾಗೆಯೇ.

ಮಳೆಗಾಲದ ಒಂದು ಬೆಳಿಗ್ಗೆ ಠಾಣೆಗೆ ಹೊರಟಿದ್ದೆ. ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೆಟ್ಟಿಲೆಲ್ಲ ಒದ್ದೆ. ಕೆಳಗೆ ಫಾಸ್ಟ್ ಲೋಕಲ್ ಬಂದು ನಿಂತಿತ್ತು, ಹಿಂದಿನಿಂದ ಜನ ಒತ್ತುತ್ತಿದ್ದರು. ಎಡ ಹೆಗಲಿನಲ್ಲಿ ದೀಪ, ಗಂಟೆ, ಪಂಚಪಾತ್ರೆ ತುಂಬಿದ ಚೀಲ. ಕಾಲು ಜಾರಿತು. ಚೀಲ ಬೀಳಬಾರದೆಂದು ಅದನ್ನೇ ಎಡಗೈಯಲ್ಲಿ ಅವಚಿಕೊಂಡು ಬಲಗೈ ಚಾಚಿ ಅಂಗೈ ಮೇಲೆ ಬಿದ್ದೆ. ಹಸಿ ಕಬ್ಬು ಮುರಿದ ಹಾಗೆ ಒಂದು ಶಬ್ದ ಬಂತು. ನೋಡಿದರೆ ಮೊಣಕೈ ತನ್ನ ಆಕಾರದಲ್ಲೇ ಇರಲಿಲ್ಲ, ಹಿಂದುಗಡೆ ಒಂದು ಗಂಟು ಎದ್ದು ನಿಂತಿತ್ತು. ನೋವು ಆಮೇಲೆ ಬಂತು, ಆ ಆಕಾರ ಕಂಡ ಹೆದರಿಕೆ ಅದಕ್ಕಿಂತ ಮೊದಲೇ ಬಂತು. ಆಫೀಸಿಗೆ ಹೊರಟಿದ್ದ ಇಬ್ಬರು ಅಪರಿಚಿತರು ತಮ್ಮ ಲೋಕಲ್ ಗಾಡಿ ಬಿಟ್ಟು ನನ್ನನ್ನು ರಿಕ್ಷಾದಲ್ಲಿ ಕೂರಿಸಿ ಹತ್ತಿರದ ನರ್ಸಿಂಗ್ ಹೋಮಿಗೆ ಮುಟ್ಟಿಸಿದರು. ಆ ಹೊತ್ತಿನಲ್ಲಿ ಗಾಡಿ ಬಿಡುವುದೆಂದರೆ ಏನೆಂದು ಈ ಲೈನಿನವರಿಗೆ ಗೊತ್ತು. ಅವರ ಹೆಸರು ಕೇಳುವಷ್ಟು ಬುದ್ಧಿ ನನಗಿರಲಿಲ್ಲ.

ಅಲ್ಲಿ ಮಂಪರು ಬರಿಸಿ ಕೀಲನ್ನು ಕೂರಿಸಿದರು. ಎಕ್ಸ್‌ರೇ ನೋಡಿ ಡಾಕ್ಟರು, ಮೂಳೆ ಮುರಿದಿಲ್ಲ, ಲಿಗಮೆಂಟು ಹರಿದಿರಬೇಕು, ಅದು ಕೂಡಿಕೊಳ್ಳುವ ತನಕ ಜೋಪಾನ ಎಂದರು. ನನ್ನ ಕಿವಿಗೆ ಬಿದ್ದದ್ದು ಮೂಳೆ ಮುರಿದಿಲ್ಲ ಎಂಬುದೊಂದೇ. ಫೋನು ಮಾಡಿದವರೂ ಅದನ್ನೇ ಹಿಡಿದುಕೊಂಡರು. "ಮೂಳೆ ಮುರೀಲಿಲ್ಲ ಅಲ್ವಾ ಭಟ್ರೇ, ಹಾಗಾದ್ರೆ ಎಂತ ಹೆದರ್ಲಿಕ್ಕೆ ಉಂಟು." ಮೂಳೆ ಎಂದರೆ ಎಲ್ಲರಿಗೂ ಗೊತ್ತು. ಮೂಳೆಯನ್ನು ಮೂಳೆಗೆ ಕಟ್ಟಿಹಾಕುವ ಒಂದು ಪಟ್ಟಿ ಒಳಗೆ ಇರುತ್ತದೆ, ಅದು ಹೋದರೆ ಮೂಳೆ ನೆಟ್ಟಗಿದ್ದೂ ಕೈ ಕೈಯಾಗಿರುವುದಿಲ್ಲ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೂರು ವಾರ ಪ್ಲಾಸ್ಟರು. ಅದು ಬಿಚ್ಚಿದ ಮೇಲೆ ಆರು ವಾರ ಗಟ್ಟಿ ಬೆಲ್ಟು. ಹೆಗಲ ಕೆಳಗಿನಿಂದ ಮಣಿಕಟ್ಟಿನವರೆಗೆ, ಕೈ ಮಡಚಿದಲ್ಲೇ ಇರಬೇಕು. "ಮಲಗುವಾಗಲೂ ತೆಗೆಯಬೇಡಿ, ನಾನು ಹೇಳುವವರೆಗೆ ತೆಗೆಯಬೇಡಿ," ಎಂದು ಡಾಕ್ಟರು ಎರಡು ಸಲ ಹೇಳಿದರು. ಜಯಂತಿ ಮೂರನೆಯ ಸಲ ಹೇಳಿದಳು.

ನಾನು ತೆಗೆದೆ.

ಶುರುವಾದದ್ದು ದೇವರ ಮುಂದೆಯೇ. ಮಿಂದು ಮಡಿಯುಟ್ಟು ಕೂತರೆ ಆ ಬೆಲ್ಟು ಬೆವರಿನ ವಾಸನೆ ಹೊಡೆಯುವ, ಒಗೆಯಲಾಗದ ಮೈಲಿಗೆ ಬಟ್ಟೆ. ಅದನ್ನು ಕಟ್ಟಿಕೊಂಡರೆ ಆಚಮನಕ್ಕೆ ಅಂಗೈ ಬಾಯಿಯವರೆಗೆ ಬರುವುದಿಲ್ಲ. ಎಡಗೈಯಲ್ಲಿ ದೇವರಿಗೆ ಹೂ ಹಾಕುವುದುಂಟೇ? ಒಂದು ಗಂಟೆ ತಾನೇ ಎಂದು ಬಿಚ್ಚಿ ಬದಿಗಿಟ್ಟೆ. ಜಯಂತಿ ನೋಡಿ ಮುಖ ಸಿಂಡರಿಸಿದಳು. ದೇವರ ಕೆಲಸಕ್ಕೆ ಅಡ್ಡ ಬರುವುದು ಹೇಗೆಂದು ಸುಮ್ಮನಾದಳು. ಒಂದು ಗಂಟೆ ಎರಡು ಗಂಟೆಯಾಯಿತು. ಅಷ್ಟರಲ್ಲಿ ಶ್ರಾವಣ ಬಂತು, ಹಿಂದೆಯೇ ಚೌತಿ. ನಮ್ಮ ವೃತ್ತಿಗೆ ಅದೇ ಸುಗ್ಗಿ, ಒಂದೊಂದು ದಿನ ನಾಲ್ಕು ಮನೆ.

ಮಡಿ ಎಂಬುದು ನೆಪ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಅಂಗ ಊನವಾದವನನ್ನು ಕರ್ಮಕ್ಕೆ ಕೂರಿಸಬಾರದು ಎಂಬ ಮಾತು ನಮ್ಮ ನಡುವೆ ಓಡಾಡುತ್ತದೆ. ಮುಖದ ಮೇಲೆ ಯಾರೂ ಹೇಳುವುದಿಲ್ಲ, ಕರೆಯುವುದನ್ನು ನಿಲ್ಲಿಸುತ್ತಾರೆ ಅಷ್ಟೇ. ನನಗೆ ಅದು ಗೊತ್ತಿದ್ದದ್ದು ಹೇಗೆಂದರೆ, ಹಿಂದೆ ಒಂದು ದೊಡ್ಡ ಹೋಮಕ್ಕೆ ಜನ ಕೂಡಿಸುವಾಗ, ಕೈ ಸೊಟ್ಟಗಿದ್ದ ಒಬ್ಬ ಹಿರಿಯ ಪುರೋಹಿತರ ಹೆಸರು ಬಂದಾಗ, "ಅವರು ಬೇಡ, ನೋಡ್ಲಿಕ್ಕೆ ಸರಿ ಆಗುದಿಲ್ಲ," ಎಂದು ಹೇಳಿದವನು ನಾನೇ. ಪ್ಲಾಸ್ಟರಿನಲ್ಲಿದ್ದಾಗ ಎರಡು ಮನೆಯವರು, "ನೀವು ಆರಾಮ ಮಾಡಿ ಭಟ್ರೇ, ಈ ಸಲಕ್ಕೆ ಬೇರೆಯವರನ್ನು ನೋಡ್ತೇವೆ," ಎಂದಿದ್ದರು. ಬೆಲ್ಟು ಕಟ್ಟಿಕೊಂಡ ನನ್ನನ್ನು ಒಂದೇ ಒಂದು ಮನೆಯವರು ನೋಡಿದರೂ ಸಾಕು, ವಾರದೊಳಗೆ ಬದ್ಲಾಪುರದವರೆಗೆ ಸುದ್ದಿ ಮುಟ್ಟುತ್ತದೆ. ಹಾಗಾಗಿ ಮನೆಯಿಂದ ಬೆಲ್ಟು ಕಟ್ಟಿಕೊಂಡೇ ಹೊರಡುತ್ತಿದ್ದೆ, ಜಯಂತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಬಿಚ್ಚಿ, ಮಡಚಿ, ಚೀಲದಲ್ಲಿ ಪಂಚೆಯ ಕೆಳಗೆ ತುರುಕುತ್ತಿದ್ದೆ. ಬರುವಾಗ ಅದೇ ಬೆಂಚಿನಲ್ಲಿ ಮತ್ತೆ ಕಟ್ಟಿಕೊಳ್ಳುತ್ತಿದ್ದೆ.

ಚೌತಿ ಮುಗಿಯಿತು, ಕೈಗೆ ಏನೂ ಆಗಲಿಲ್ಲ. ಡಾಕ್ಟರಿಗಿಂತ ನಾನೇ ಜಾಣ ಎಂದುಕೊಂಡೆ.

ಠಾಣೆಯ ಮಾಜಿವಾಡಾದ ಹತ್ತಿರ ಸರೋಜಕ್ಕ ಎಂಬವರ ಮನೆ. ಎಪ್ಪತ್ತು ದಾಟಿದ ಹೆಂಗಸು, ಕಟ್ಟುನಿಟ್ಟು ಜಾಸ್ತಿ, ಮಂತ್ರದಲ್ಲಿ ಒಂದು ಸಾಲು ಹಾರಿಸಿದರೂ ಕನ್ನಡಕದ ಮೇಲಿನಿಂದ ನೋಡುವವರು. ಅವರಲ್ಲಿ ಸತ್ಯನಾರಾಯಣ ಪೂಜೆ ನಡೆದಿತ್ತು. ಮಂಗಳಾರತಿಗೆ ಏಳಬೇಕು. ಎಂದಿನಂತೆ ಬಲ ಅಂಗೈ ನೆಲಕ್ಕೂರಿ ಭಾರ ಹಾಕಿದೆ. ಮೊಣಕೈ ಒಳಗೆ ಕಟಕ್ ಎಂದು ಏನೋ ಸರಿಯಿತು. ಮುಂಗೈ ಒಂದು ಕಡೆ, ತೋಳು ಒಂದು ಕಡೆ. ನಾನು ಮಣೆಯ ಪಕ್ಕಕ್ಕೆ ವಾಲಿ ಬಿದ್ದೆ. ಮರುಕ್ಷಣ ಅದು ತಾನಾಗಿ ಒಳಗೆ ಹೋಗಿ ಕೂತಿತು. ಮೊಣಕೈಯ ಹೊರಮಗ್ಗುಲಿನಲ್ಲಿ ಬೆಂಕಿ ಇಟ್ಟ ಹಾಗೆ ಉರಿ.

"ಎಂತ ಆಯ್ತು ಭಟ್ರೇ?" ಎಂದರು ಸರೋಜಕ್ಕ.

"ಕಾಲು ಜೋಮು ಹಿಡಿದದ್ದು," ಎಂದೆ.

ಮಂಗಳಾರತಿಯನ್ನು ಹೇಗೆ ಎತ್ತಿದೆನೋ ನೆನಪಿಲ್ಲ.

ಅಲ್ಲಿಂದ ಮುಂದಿನ ಒಂದೂವರೆ ತಿಂಗಳನ್ನು ನೋವಿನ ಕಾಲ ಎಂದು ಯಾರಾದರೂ ತಿಳಿದರೆ ತಪ್ಪು. ನೋವು ಇತ್ತು, ಅದಕ್ಕೆ ಮಾತ್ರೆ ಇತ್ತು. ಕೈ ಯಾವಾಗ ಕೈಕೊಡುತ್ತದೋ ಗೊತ್ತಿಲ್ಲವಲ್ಲ, ಅದಕ್ಕೆ ಮಾತ್ರೆ ಇರಲಿಲ್ಲ. ಕುರ್ಚಿಯಿಂದ ಏಳುವಾಗ, ಬಾಗಿಲು ದೂಡುವಾಗ, ಬಕೆಟ್ ಎತ್ತುವಾಗ, ಅಂಗೈ ಮೇಲ್ಮುಖವಾಗಿ ಏನನ್ನಾದರೂ ಹಿಡಿಯುವಾಗ ಒಳಗೆ ಸಣ್ಣಗೆ ಜಾರಿದ ಹಾಗಾಗುತ್ತಿತ್ತು. ಲೋಕಲಿನಲ್ಲಿ ಮೇಲಿನ ಸರಳು ಹಿಡಿಯುವುದನ್ನು ಬಿಟ್ಟೆ. ನನ್ನದೇ ಕೈಯನ್ನು ನಾನು ನಂಬದೆ ಹೋದೆ. ಮನೆಯಲ್ಲಿ ಯಾರೂ ಇಲ್ಲದಾಗ ಟೇಬಲ್ಲಿಗೆ ಅಂಗೈ ಊರಿ, ಜಾರುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದೆ. ಜಾರುತ್ತಿತ್ತು. ಮತ್ತೆ ಮಾಡುತ್ತಿದ್ದೆ. ಹುಳುಕು ಹಲ್ಲಿಗೆ ನಾಲಿಗೆ ಹೋದ ಹಾಗೆ ಅಲ್ಲಿಗೇ ಹೋಗುತ್ತಿತ್ತು ಮನಸ್ಸು.

ಐರೋಲಿಯ ಒಂದು ಮನೆಯಲ್ಲಿ ನಾಮಕರಣ. ಆರತಿಯ ತಟ್ಟೆ ಬಲಗೈಯಲ್ಲಿ, ಐದು ಬತ್ತಿ ಉರಿಯುತ್ತಿದೆ, ಎದುರಿಗೆ ತಾಯಿಯ ಮಡಿಲಲ್ಲಿ ಹನ್ನೆರಡು ದಿನದ ಮಗು. ಕೈ ಚಾಚಿದೊಡನೆ ಒಳಗೆ ಸರಿಯಲು ಶುರುವಾದದ್ದು ಗೊತ್ತಾಯಿತು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನೆಲಕ್ಕಿಟ್ಟು, ಮಗುವಿನ ಅಜ್ಜನಿಗೆ, "ಆರತಿ ನೀವೇ ಮಾಡಬೇಕು, ಅದೇ ವಿಶೇಷ," ಎಂದುಬಿಟ್ಟೆ. ಅಜ್ಜನಿಗೆ ಖುಷಿಯಾಯಿತು. "ಈ ಪದ್ಧತಿ ನಮಗೆ ಗೊತ್ತೇ ಇರಲಿಲ್ಲ, ನೋಡಿ," ಎಂದರು. ನನಗೂ ಗೊತ್ತಿರಲಿಲ್ಲ. ಆ ಮಗುವಿನ ಮುಖ ಎಷ್ಟೋ ದಿನ ಕಣ್ಣ ಮುಂದಿನಿಂದ ಹೋಗಲಿಲ್ಲ.

ಮನೆಗೆ ಬಂದು ಊಟಕ್ಕೆ ಕೂತೆ. ಕೈ ಬಾಯಿಗೆ ಬರುವ ಬದಲು ಬಾಯಿಯೇ ತಟ್ಟೆಯ ಹತ್ತಿರ ಬಗ್ಗುತ್ತಿತ್ತು. ಮೇಧಾ ನೋಡಿ, "ಅಪ್ಪಾ, ದುಖ್ ರಹಾ ಹೈ ಕ್ಯಾ?" ಎಂದಳು, ನೋಯುತ್ತಿದೆಯಾ ಎಂದು. ಇಲ್ಲ ಎಂದೆ. ಜಯಂತಿ ಸೌಟು ಕೆಳಗಿಟ್ಟಳು. "ಒಂದು ತಿಂಗಳಿಂದ ನೋಡ್ತಾ ಇದ್ದೇನೆ. ನಾಳೆ ಠಾಣೆಯ ದೊಡ್ಡ ಡಾಕ್ಟ್ರ ಹತ್ರ ಹೋಗುವ. ನಾನು ರಜೆ ಹಾಕ್ತೇನೆ," ಎಂದಳು. ಅವಳು ಹಾಗೆ ಮೆತ್ತಗೆ ಹೇಳಿದರೆ ಅದರ ಮೇಲೆ ಮಾತಿಲ್ಲ.

ಮೊಣಕೈ, ಹೆಗಲುಗಳನ್ನೇ ನೋಡುವ ಆ ಠಾಣೆಯ ಡಾಕ್ಟರರ ವೇಟಿಂಗ್ ರೂಮಿನಲ್ಲಿ ಮೂರು ಗಂಟೆ ಕಾದೆವು. ಗೋಡೆಯ ಮೇಲೆ ಕೀಲುಗಳ ಚಿತ್ರ. ಅದನ್ನು ನೋಡಬಾರದೆಂದು ನೆಲ ನೋಡುತ್ತ ಕೂತಿದ್ದೆ. ಪಕ್ಕದಲ್ಲಿ ಗಟ್ಟಿಮುಟ್ಟಾದ ಒಬ್ಬ ಮನುಷ್ಯ, ಅವನ ಎಡ ಮೊಣಕೈಗೂ ಬೆಲ್ಟು. ನನ್ನ ಪಂಚೆ, ನಾಮ ನೋಡಿದವನು ಜಯಂತಿಯ ಜೊತೆ ನಾನಾಡಿದ ಕನ್ನಡ ಕೇಳಿ ತಿರುಗಿದ.

"ಯಾಕ್ರೀ ಭಟ್ರ, ಕೈ ಹಂಗ್ಯಾಕ ಹಿಡಕೊಂಡು ಕುಂತೀರಿ, ಕೂಸಿನ್ ಹಿಡಕೊಂಡಂಗ?"

ಆಗಲೇ ನನಗೆ ಗೊತ್ತಾದದ್ದು, ಎಡಗೈಯಿಂದ ಬಲ ಮೊಣಕೈಯನ್ನು ಹೊತ್ತುಕೊಂಡೇ ಕೂತಿದ್ದೆ. ಅವನ ಹೆಸರು ಮಲ್ಲಪ್ಪ, ಕಲಬುರಗಿ ಕಡೆಯವನು, ಠಾಣೆಯ ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳಲ್ಲಿ ಲಾರಿಗೆ ಮೂಟೆ ಹೇರುವ ಕೆಲಸ. ಹೇರುವಾಗ ಮೇಲಿನಿಂದ ಬಿದ್ದು ಮೊಣಕೈ ಕಳಚಿತ್ತಂತೆ, ಆಪರೇಷನ್ ಆಗಿ ಎರಡು ತಿಂಗಳು.

"ಮತ್ತೆ ಕೆಲಸ?" ಎಂದೆ.

"ಮೂಟಿ ಎತ್ತಾಕ ಆಗಂಗಿಲ್ಲ ಅಂತ ಮುಕಾದಮಗ ಹೇಳಿಬಿಟ್ಟೀನ್ರೀ. ಈಗ ಚೀಟಿ ಹರಿಯೋ ಕೆಲಸ ಕೊಟ್ಟಾನ."

"ಹೇಳಲಿಕ್ಕೆ ಹೆದರಿಕೆ ಆಗಲಿಲ್ಲವಾ? ತೆಗೆದುಹಾಕಿದರೆ?"

"ಹೆದರಿಕಿ ಬಿಡ್ತದೇನ್ರೀ. ಆದ್ರ ಸುಳ್ಳ ಹೇಳಿ ಎತ್ತಿದ್ನಿ ಅಂದ್ರ, ಮೂಟಿ ಕೆಳಗ ನಿಂತಾವನ ತಲಿ ಮ್ಯಾಲ ಬೀಳತೈತಿ."

ಅವನು ಮೂಟೆಯ ಮಾತಾಡಿದ್ದ. ನನಗೆ ಕಂಡದ್ದು ಐದು ಬತ್ತಿಯ ತಟ್ಟೆ, ಕೆಳಗೆ ಆ ಮಗು.

ಡಾಕ್ಟರು ನನ್ನ ವಯಸ್ಸಿನವರೇ, ಮರಾಠಿಯವರು, ಮೆಲುಮಾತು. ಎರಡೂ ಬದಿಗೆ ಹಿಡಿಕೆಯಿದ್ದ ಒಂದು ಕುರ್ಚಿಯಲ್ಲಿ ಕೂರಿಸಿ, "ಗುರುಜಿ, ಎರಡೂ ಅಂಗೈ ಊರಿ ಏಳಿ ನೋಡುವ," ಎಂದು ಹಿಂದಿಯಲ್ಲಿ ಹೇಳಿದರು. ನಾನು ಕೈ ಊರಿದೆ. ಭಾರ ಹಾಕಲಿಲ್ಲ. ಹಾಕಲು ಆಗಲಿಲ್ಲ. "ಏಳಿ," ಎಂದರು. ಕೂತೇ ಇದ್ದೆ. ಅವರು ನನ್ನ ಮೊಣಕೈ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದರು. "ಸಾಕು, ಗೊತ್ತಾಯಿತು," ಎಂದು ಹೆಗಲ ಮೇಲೆ ಕೈಯಿಟ್ಟರು. ಹೆದರಿಕೆಯೇ ಆ ಪರೀಕ್ಷೆಯ ಉತ್ತರವಂತೆ. ಅಷ್ಟು ದಿನ ಅಡಗಿಸಿಟ್ಟದ್ದನ್ನು ಒಬ್ಬರು ಅರ್ಧ ನಿಮಿಷದಲ್ಲಿ ಓದಿಬಿಟ್ಟರು.

ಆಮೇಲೆ ಕೇಳಿದರು, ಬೆಲ್ಟು ಪೂರ್ತಿ ಆರು ವಾರ ಹಾಕಿದ್ದಿರಾ ಎಂದು.

ಹಾಕಿದ್ದೆ ಎಂದೆ.

ಜಯಂತಿ ನಡುವೆ ಬಾಯಿ ಹಾಕಿ, "ನಾನು ನೋಡಿದ್ದೇನೆ ಡಾಕ್ಟ್ರೇ. ಪೂಜೆಗೆ ಮಾತ್ರ ಸ್ವಲ್ಪ ಹೊತ್ತು ತೆಗೀತಿದ್ರು. ಹೊರಗೆ ಹೋಗುವಾಗ ಕಟ್ಟಿಕೊಂಡೇ ಹೋಗ್ತಿದ್ರು," ಎಂದು ತನಗೆ ಬಂದ ಹಿಂದಿಯಲ್ಲಿ ನನ್ನ ಪರವಾಗಿ ಸಾಕ್ಷಿ ಹೇಳಿದಳು. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಡಾಕ್ಟರು ಪೆನ್ನು ಇಟ್ಟು ಯೋಚಿಸಿದರು. ಅಷ್ಟು ಜೋಪಾನ ಮಾಡಿದ ಮೇಲೂ ಕೀಲು ಇಷ್ಟು ಸಡಿಲ ಉಳಿದಿದೆ ಎಂದರೆ ಒಳಗೆ ಬೇರೆ ಏನಾದರೂ ಕಾಯಿಲೆ ಇದೆಯಾ ನೋಡಬೇಕು ಎಂದರು. ಎಂಆರ್‌ಐ ಬರೆದರು. ಜೊತೆಗೆ ರಕ್ತದ ಪರೀಕ್ಷೆಗಳ ಒಂದು ಉದ್ದ ಪಟ್ಟಿ ಬರೆದರು. ವಾಪಸು ಬರುವಾಗ ಗಾಡಿಯಲ್ಲಿ ಜಯಂತಿ ಆ ಪಟ್ಟಿಯನ್ನು ಮಡಚುವುದು, ಬಿಚ್ಚುವುದು, ಓದುವುದು. "ನಿಮ್ಮ ಅಪ್ಪನಿಗೆ ಹೀಗೆ ಎಂತಾದ್ರೂ ಇತ್ತಾ?" ಎಂದು ಕೇಳಿದಳು. ಇಲ್ಲ ಎಂದೆ. ಆಗಲೂ ನಿಜ ಹೇಳಲಿಲ್ಲ. ಬಾಯಿ ತೆರೆದರೆ ಸಾಕಿತ್ತು, ತೆರೆಯಲಿಲ್ಲ. ಅಷ್ಟು ಪುಕ್ಕಲನಾಗಿದ್ದೆ ನಾನು.

ಎಂಆರ್‌ಐ ಯಂತ್ರದಲ್ಲಿ ಬೋರಲು ಮಲಗಿ ಬಲಗೈಯನ್ನು ತಲೆಯ ಮೇಲಕ್ಕೆ ಚಾಚಿರಬೇಕು, ಅಲುಗಬಾರದು. ಸುತ್ತಿಗೆ ಬಡಿದ ಹಾಗೆ ಶಬ್ದ. ಬಾಯಿಪಾಠ ಬರುವ ಯಾವ ಮಂತ್ರವೂ ಬಾಯಿಗೆ ಬರಲಿಲ್ಲ. ಜೀವಮಾನವಿಡೀ ಬೇರೆಯವರ ಹೆದರಿಕೆಗೆ ಮಂತ್ರ ಹೇಳಿದವನು ಅಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತ ಮಲಗಿದ್ದೆ.

ರಿಪೋರ್ಟುಗಳನ್ನು ಹಿಡಿದು ಮತ್ತೆ ಠಾಣೆಗೆ ಹೋದೆವು. ರಕ್ತದಲ್ಲಿ ಏನೂ ಇರಲಿಲ್ಲ. ಡಾಕ್ಟರು ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು ಹೊರಮಗ್ಗುಲಿನ ಲಿಗಮೆಂಟಿನ ಜಾಗ ತೋರಿಸಿದರು. ಇರಬೇಕಾದಲ್ಲಿ ಅದು ಇರಲಿಲ್ಲ. ಕೂಡಲು ಹೋಗಿ ಮತ್ತೆ ಮತ್ತೆ ಹರಿದಂತಿದೆ ಎಂದರು. ಫಿಲ್ಮು ಕೆಳಗಿಟ್ಟು, "ಗುರುಜಿ, ಖರಂ ಸಾಂಗಾ," ಎಂದರು. ನಿಜ ಹೇಳಿ ಎಂದು.

ಹೇಳಿದೆ. ಪ್ಲಾಟ್‌ಫಾರ್ಮಿನ ಬೆಂಚು, ಚೀಲ, ಪಂಚೆಯ ಕೆಳಗೆ ತುರುಕಿದ್ದು, ದಿನಕ್ಕೆ ನಾಲ್ಕು ಮನೆ, ಎಲ್ಲ ಹೇಳಿದೆ. ಜಯಂತಿಯ ಕಡೆಗೆ ನೋಡದೆ ಹೇಳಿದೆ. ಡಾಕ್ಟರು ಬೈಯಲಿಲ್ಲ. ಆಪರೇಷನ್ ಮಾಡಬೇಕು, ಹೊಸ ಲಿಗಮೆಂಟು ಹಾಕಬೇಕು ಎಂದರು. ಕೈ ಮೊದಲಿನ ಹಾಗೆ ಆಗುತ್ತದಾ ಎಂದು ಕೇಳಿದೆ. "ಹೆಚ್ಚಿನವರಿಗೆ ಆಗುತ್ತದೆ," ಎಂದರು. ಆಗದವರ ಬಗ್ಗೆ ಕೇಳುವ ಧೈರ್ಯ ನನಗಿರಲಿಲ್ಲ.

ಜಯಂತಿ ನನಗಿಂತ ಮುಂದೆ ಮುಂದೆ ಸ್ಟೇಷನ್ನಿಗೆ ನಡೆದಳು. ಪ್ಲಾಟ್‌ಫಾರ್ಮಿನಲ್ಲಿ ಒಂದು ಗಾಡಿ ಬಂತು, ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಬಿಟ್ಟಳು.

"ಸಕ್ಕರೆ ಕಾಯಿಲೆಯವರು ಉಪವಾಸ ಮಾಡಬೇಕಾ ಭಟ್ರೇ ಅಂತ ಕೇಳಿದ್ರೆ ಎಂತ ಹೇಳ್ತೀರಿ ನೀವು?" ಎಂದಳು.

ನಾನು ಮುಂದಿನ ಗಾಡಿಯ ಬೋರ್ಡು ನೋಡಿದೆ.

"ಹೇಳಿ."

"ಆತುರೇ ನಿಯಮೋ ನಾಸ್ತಿ," ಎಂದೆ. ರೋಗಿಗೆ ನಿಯಮ ಇಲ್ಲ ಎಂದು.

"ಊರಿಗೆಲ್ಲ ಹಂಚ್ತೀರಿ. ನಿಮಗೊಂದು ಇಟ್ಟುಕೊಳ್ಲಿಕ್ಕೆ ಗೊತ್ತಿಲ್ಲ." ನನ್ನ ಕಡೆ ತಿರುಗಿದಳು. "ಆ ರಕ್ತದ ಪಟ್ಟಿ ಹಿಡ್ಕೊಂಡು ನಾಲ್ಕು ದಿನ ನಾನು ಎಂತೆಲ್ಲ ಗ್ರಹಿಸಿದೆ ಅಂತ ನಿಮಗೆ ಗೊತ್ತುಂಟಾ? ಪಕ್ಕದಲ್ಲೇ ಕೂತಿದ್ರಿ. ಒಂದು ಮಾತು ಹೇಳಿದ್ರೆ ಆಗ್ತಿತ್ತು."

ಹೆದರಿದೆ ಎಂದೆ. ಯಾರಿಗೆ ಎಂದಳು. ಜನ ಕರೆಯುವುದಿಲ್ಲ, ಬಲಗೈ ಇಲ್ಲದ ಭಟ್ಟನನ್ನು ಯಾರು ಕರೆಯುತ್ತಾರೆ, ನನಗೆ ಬೇರೆ ಕೆಲಸ ಏನು ಬರುತ್ತದೆ ಎಂದೆ. ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಕರೆಯದಿದ್ರೆ ಆಗ ನೋಡುವ. ಈಗ ಕೈ ನೋಡುವ," ಎಂದಳು. ಮೂರನೆಯ ಗಾಡಿಗೆ ಹತ್ತಿದೆವು.

ಆಪರೇಷನ್ನಿನ ಮುಂಚೆ ಡಾಕ್ಟರು ಬಂದು, ಹೆಬ್ಬೆರಳು ಕಿರುಬೆರಳು ಕೂಡಿಸಿ ಮಣಿಕಟ್ಟು ಮಡಚಿ ಎಂದರು. ಮುದ್ರೆ ಹಿಡಿದಷ್ಟು ಸಲೀಸಾಗಿ ಹಿಡಿದೆ. ಮಣಿಕಟ್ಟಿನ ನಡುವೆ ನರದಂಥ ಒಂದು ಸಪೂರ ದಾರ ಎದ್ದಿತು. ಈ ದಾರ ಯಾವ ಕೆಲಸಕ್ಕೂ ಬಾರದ್ದು, ಕೆಲವರಿಗೆ ಇರುವುದೇ ಇಲ್ಲ, ಇದನ್ನೇ ತೆಗೆದು ಮೊಣಕೈಗೆ ಕಟ್ಟುತ್ತೇನೆ ಎಂದರು. ನನ್ನೊಳಗೆ ಒಂದು ವಸ್ತು ಕೆಲಸವಿಲ್ಲದೆ ಕೂತಿತ್ತು, ಇಂಥ ದಿನಕ್ಕೆ ಒದಗಿತು ಎಂಬುದು ಸ್ವಲ್ಪ ಸಮಾಧಾನವಾಯಿತು.

ಒಪ್ಪಿಗೆ ಕಾಗದಕ್ಕೆ ಎಡಗೈಯಲ್ಲಿ ಸಹಿ ಮಾಡಿದೆ. ಒಳಗೆ ಕರೆದುಕೊಂಡು ಹೋಗುವ ಮೊದಲು ನರ್ಸು ಜನಿವಾರ ತೆಗೆಯಬೇಕು ಎಂದಳು. ನಾನು ಅದನ್ನು ಬೆರಳಿನಲ್ಲಿ ಹಿಡಿದುಕೊಂಡೆ. ಮುಖ ನೋಡಿದಳು, ಅವಳಿಗೆ ಏನನ್ನಿಸಿತೋ, ಅದನ್ನು ತೋಳಿನಿಂದ ಜಾರಿಸಿ, ಸುತ್ತಿ ಸುತ್ತಿ ನನ್ನ ಎಡ ಪಾದದ ಗಂಟಿಗೆ ಕಟ್ಟಿ ಮೇಲೆ ಟೇಪು ಅಂಟಿಸಿದಳು. ಜನಿವಾರ ಕಾಲಿಗೆ. ಬೇರೆ ದಿನವಾಗಿದ್ದರೆ ನಾನು ಹೌಹಾರುತ್ತಿದ್ದೆ. ಆ ದಿನ ಕೈ ಮುಗಿಯಬೇಕು ಅನ್ನಿಸಿತು, ಆದರೆ ಒಂದು ಕೈಗೆ ಆಗಲೇ ಸೂಜಿ ಹಾಕಿದ್ದರು. ಮೂಗಿನ ಮೇಲೆ ಮಾಸ್ಕು ಬರುವಾಗ ನನಗಿದ್ದದ್ದು ಸಾಯುವ ಹೆದರಿಕೆಯಲ್ಲ. ಎದ್ದ ಮೇಲೆ ಈ ಕೈ ಯಾರದ್ದಾಗಿರುತ್ತದೆ ಎಂಬ ಹೆದರಿಕೆ.

ಎದ್ದಾಗ ಮೊದಲು ಬೆರಳು ಅಲುಗಿಸಿದೆ. ಅಲುಗಿದವು. ಜಯಂತಿ ಪಕ್ಕದಲ್ಲಿದ್ದಳು. "ಲೆಕ್ಕ ಮಾಡಿದೆ, ಐದೂ ಉಂಟು," ಎಂದಳು.

ಮತ್ತೆ ಆರು ವಾರ ಬೆಲ್ಟು. ಈ ಸಲ ಅದು ನನ್ನ ಚರ್ಮವಾಯಿತು. ಮಡಿಯಿಲ್ಲ, ಸಂಧ್ಯಾವಂದನೆ ಮನಸ್ಸಿನಲ್ಲೇ, ದೇವರಿಗೆ ಎಡಗೈಯಲ್ಲೇ ಹೂ. ಮೊದಲ ದಿನ ಎಡಗೈಯಲ್ಲಿ ಹೂ ಹಾಕುವಾಗ ಕಣ್ಣು ಮುಚ್ಚಿಕೊಂಡೆ. ಯಾವ ದೇವರೂ ಎದ್ದು ಹೋಗಲಿಲ್ಲ. ಊಟ ಜಯಂತಿ ಕಲಸಿ ಕೊಡುತ್ತಿದ್ದಳು, ಅವಳಿಗೆ ಹೊತ್ತಾದ ದಿನ ಮೇಧಾ ಚಮಚದಲ್ಲಿ ತಿನ್ನಿಸುತ್ತಿದ್ದಳು. "ಅಪ್ಪಾ, ಮೂಂಹ್ ಖೋಲೋ," ಎಂದು ಗದರುತ್ತಿದ್ದಳು. ಬೆಲ್ಟು ಬಿಚ್ಚಿದ ಮೇಲೆ ಇನ್ನೊಂದು ಕಷ್ಟ. ಕೈ ಮಡಚಿದಲ್ಲೇ ಬಿಗಿದುಹೋಗಿತ್ತು, ಬಾಯಿಗೂ ಬಾರದು, ಉದ್ದಕ್ಕೂ ಚಾಚದು. ಫಿಸಿಯೋಥೆರಪಿಯ ಹುಡುಗಿ ಹೇಳಿದ ಮೊದಲ ನಿಯಮ, ಅಂಗೈ ಯಾವಾಗಲೂ ಕೆಳಮುಖ. ಮೇಲ್ಮುಖ ಮಾಡಿ ಭಾರ ಹಾಕಿದರೆ ಹೊಸ ಕಟ್ಟು ಸಡಿಲವಾದೀತು. ತೀರ್ಥ ತೆಗೆದುಕೊಳ್ಳುವುದು, ಆಚಮನ, ದಕ್ಷಿಣೆ, ಭಟ್ಟನ ಜೀವನ ನಡೆಯುವುದೇ ಅಂಗೈ ಮೇಲ್ಮುಖದಲ್ಲಿ. ಇದನ್ನು ಹೇಳಿದಾಗ ಮಲ್ಲಪ್ಪ ಹೊಟ್ಟೆ ಹಿಡಿದು ನಕ್ಕ. ವಾರಕ್ಕೆರಡು ಸಲ ಅಲ್ಲಿ ಅವನು ಸಿಗುತ್ತಿದ್ದ, ಮೂಟೆ ಎತ್ತದಿದ್ದರೂ ಕೈ ಪೂರ್ತಿ ಚಾಚುವಂತಾಗಿತ್ತು. ಅವನ ಕೈ ನೋಡಿ ನನಗೆ ಆಸೆ ಹುಟ್ಟುತ್ತಿತ್ತು.

"ಕೈ ಸೋತೈತಿ ಅಂದ್ರ ಸೋತೈತಿ ಅನ್ನಬೇಕ್ರೀ ಭಟ್ರ," ಎನ್ನುತ್ತಿದ್ದ. "ಮಂದಿ ಎಲ್ಲಾ ಒಂದ ಥರ ಇರೂದಿಲ್ಲ."

ಆಪರೇಷನ್ನಾದ ಐದನೆಯ ತಿಂಗಳು ನಾನೇ ಒಂದೊಂದು ಮನೆಗೆ ಫೋನು ಮಾಡಿದೆ. ಆಪರೇಷನ್ ಆಗಿದೆ, ಕೈ ಹಿಂದಿನಷ್ಟು ಗಟ್ಟಿಯಿಲ್ಲ, ಏಳುವಾಗ ನೆರವು ಬೇಕಾಗುತ್ತದೆ, ಕರೆದರೆ ಬರುತ್ತೇನೆ ಎಂದೆ. ಪ್ರತಿ ಫೋನಿಗೂ ಮುಂಚೆ ನೀರು ಕುಡಿಯುತ್ತಿದ್ದೆ. ಕೆಲವರು ಅಯ್ಯೋ ಪಾಪ ಎಂದರು, ಆಮೇಲೆ ಕರೆಯಲಿಲ್ಲ. ಹೆದರಿದ್ದು ಸುಳ್ಳಾಗಲಿಲ್ಲ ಎಂಬುದನ್ನೂ ಹೇಳಬೇಕು. ಉಪನಯನಕ್ಕೆ ಒಪ್ಪಿಸಿದ್ದ ಒಂದು ಮನೆಯವರು ಬೇರೆಯವರಿಂದ ಮಾಡಿಸಿದರು. ಕೈ ಸೊಟ್ಟಗಿದ್ದ ಆ ಹಿರಿಯರ ಮನೆಗೆ ಒಂದು ದಿನ ಹೋದೆ. ನಾನು ಹಿಂದೆ ಆಡಿದ ಮಾತು ಅವರಿಗೆ ಗೊತ್ತಿತ್ತೋ ಇಲ್ಲವೋ ತಿಳಿಯದು. ನನ್ನ ಮೊಣಕೈಯ ಹೊಲಿಗೆಯ ಗುರುತು ಸವರಿ ನೋಡಿ, "ತಣ್ಣೀರಿನಲ್ಲಿ ಮೀಯಬೇಡ, ಹಿಡಿದುಕೊಳ್ಳುತ್ತದೆ," ಎಂದರು. ಕಾಲಿಗೆ ಬಿದ್ದು ಬಂದೆ.

ಏಳನೆಯ ತಿಂಗಳಿನಲ್ಲಿ ಸರೋಜಕ್ಕನ ಫೋನು. ಸತ್ಯನಾರಾಯಣ ಪೂಜೆ, ಬನ್ನಿ ಎಂದರು. ಅವರ ಮನೆಗೆ ಫೋನು ಮಾಡಲು ಧೈರ್ಯ ಸಾಲದೆ ಬಿಟ್ಟಿದ್ದೆ, ಈಗ ನನ್ನ ಕೈಯ ಸಂಗತಿ ಹೇಳಿದೆ. "ಅದು ಮೊನ್ನೆಯೇ ಕೇಳಿದ್ದೇನೆ, ಬರ್ತೀರಾ ಇಲ್ವಾ ಹೇಳಿ," ಎಂದರು.

ಹೋದೆ. ಕೂತೆ. ಪೂಜೆ ನಿಧಾನಕ್ಕೆ ಸಾಗಿತು. ಚಾಚಿದಾಗಲೆಲ್ಲ ಕೈ ಕೆಲಸ ಮಾಡಿತು. ಮಂಗಳಾರತಿಯ ಹೊತ್ತು ಬಂತು. ಕರ್ಪೂರ ತಟ್ಟೆಯಲ್ಲಿದೆ, ಮನೆ ತುಂಬ ಜನ ಎದ್ದು ನಿಂತು ನನ್ನ ಕಡೆ ನೋಡುತ್ತಿದ್ದಾರೆ. ಹೋದ ಸಲ ಬಿದ್ದ ಜಾಗ ಅದೇ. ಫಿಸಿಯೋಥೆರಪಿಯಲ್ಲಿ ಎಡ ಮಂಡಿಯ ಮೇಲೆ ಭಾರ ಹಾಕಿ ಏಳುವುದನ್ನು ಕಲಿಸಿದ್ದರು. ಒಂದು ಸಲ ಪ್ರಯತ್ನಿಸಿದೆ, ಅರ್ಧ ಎದ್ದು ಮತ್ತೆ ಕೂತೆ. ಜೋಮು ಹಿಡಿದಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

"ನನಗೆ ಏಳಲಿಕ್ಕೆ ಆಗುವುದಿಲ್ಲ. ಯಾರಾದರೂ ಎಬ್ಬಿಸಬೇಕು," ಎಂದೆ.

ಯಾರೂ ಅಲುಗಲಿಲ್ಲ. ಮಡಿಯಲ್ಲಿರುವ ಭಟ್ಟರನ್ನು ಮುಟ್ಟುವುದು ಹೇಗೆಂದು ಅವರಿಗೆ ತೋಚಲಿಲ್ಲವೋ ಏನೋ. ಆ ನಾಲ್ಕೈದು ಕ್ಷಣ ನಾನು ಪಟ್ಟ ಹೆದರಿಕೆ ಆಪರೇಷನ್ ಟೇಬಲ್ಲಿನ ಮೇಲೂ ಪಟ್ಟಿರಲಿಲ್ಲ. ಸರೋಜಕ್ಕ ಕನ್ನಡಕದ ಮೇಲಿನಿಂದ ಮಗನನ್ನು ನೋಡಿದರು. "ಕೇಳ್ಲಿಲ್ವಾ ನಿನಗೆ? ಎಬ್ಬಿಸು ಅವರನ್ನು."

ಮಗ, ಐವತ್ತರ ಹತ್ತಿರದ ಭಾರೀ ಆಳು, ಗಾಬರಿಯಲ್ಲಿ ಮುಂದೆ ಬಂದವನು ಹತ್ತಿರ ಸಿಕ್ಕಿದ ಕೈ ಹಿಡಿದು ಎಳೆದೇಬಿಟ್ಟ. ಅದು ಬಲಗೈ. ಅಂಗೈ ಮೇಲ್ಮುಖವಾಗಿ, ನನ್ನ ಪೂರಾ ಭಾರ ಆ ಮೊಣಕೈ ಮೇಲೆ. ಬೇಡ ಎನ್ನಲು ಉಸಿರು ಇರಲಿಲ್ಲ. ಕಣ್ಣು ಮುಚ್ಚಿಕೊಂಡು ಕಟಕ್ ಎಂಬ ಶಬ್ದಕ್ಕಾಗಿ ಕಾದೆ.

ಬರಲಿಲ್ಲ. ಕಣ್ಣು ತೆರೆದಾಗ ನಾನು ನಿಂತಿದ್ದೆ. ಮೊಣಕೈ ತನ್ನ ಜಾಗದಲ್ಲಿ ಇತ್ತು. ಮಗ ಕೈ ಬಿಡಲು ನೋಡಿದ. ನಾನು ಬಿಡಲಿಲ್ಲ, ಬೆರಳು ಬಿಗಿದುಕೊಂಡಿದ್ದವು.

"ಎದ್ದಾಯ್ತಲ್ಲ ಭಟ್ರೇ," ಎಂದ ಅವನು, ನನ್ನ ಮುಖ ನೋಡಿ ಹೆದರಿ.

"ಹೌದು ಮಾರಾಯ," ಎಂದೆ. "ಸ್ವಲ್ಪ ಹೀಗೇ ಹಿಡ್ಕೋ."

ಅವನು ಹಿಡಿದುಕೊಂಡೇ ನಿಂತ.